ಒಂದು ರೊಟ್ಟಿಗೆ ಒಂದು ಪ್ರಶ್ನೆ

2011ರ ಏಪ್ರಿಲ್ ತಿಂಗಳ ಮೂರನೆಯ ಮಂಗಳವಾರ ನಾನು ಬೆಳಿಗ್ಗೆ ಎಂಟೂ ಹತ್ತಕ್ಕೆ ಎದ್ದೆ. ಅದಕ್ಕೆ ಮೊದಲಿನ ಐದು ತಿಂಗಳು ಒಂದು ದಿನವೂ ತಪ್ಪದೆ ಐದೂವರೆಗೆ ಎದ್ದಿದ್ದೆ. ಎರಡಕ್ಕೂ ಕಾರಣ ಒಂದೇ: ಸಕ್ಕರೆ ಕಾರ್ಖಾನೆಯ ಭೋಂಗಾ, ಹಬೆಯಿಂದ ಕೂಗುವ ಸೈರನ್.

ಕಬ್ಬೂರಿನ ನಮ್ಮ ಮನೆಯಿಂದ ಕಾರ್ಖಾನೆ ನಾಲ್ಕೈದು ಮೈಲಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಪಾಳಿ ಬದಲಾಗುವಾಗಲೆಲ್ಲ ಅದು ಕೂಗುತ್ತದೆ. ಬೆಳಗಿನ ಪಾಳಿಗೆ ಅರ್ಧ ತಾಸು ಮುಂಚೆ, ಐದೂವರೆಗೆ, ಎಚ್ಚರಿಸಲು ಇನ್ನೊಂದು ಕೂಗು. ಕೂಗುವುದು ಕಾರ್ಮಿಕರಿಗಾಗಿ. ಆದರೆ ಸುತ್ತಲಿನ ಹಳ್ಳಿಗಳು ಅದನ್ನು ಯಾವತ್ತೋ ಸ್ವಂತದ್ದು ಮಾಡಿಕೊಂಡಿವೆ. ಆ ಕೂಗಿಗೇ ಎಮ್ಮೆ ಹಿಂಡುತ್ತಾರೆ, ಆ ಕೂಗಿಗೇ ಹೊಲದ ಮೋಟಾರು ಚಾಲೂ ಮಾಡುತ್ತಾರೆ, ಮಕ್ಕಳನ್ನು ಬೈಯುವುದೂ ಅಲ್ಲಿಂದಲೇ ಆರಂಭ. ನಾನು ಅದಕ್ಕೆ ನನ್ನ ಜೀವನ ಸುಧಾರಣೆಯನ್ನೇ ಕಟ್ಟಿಹಾಕಿದ್ದೆ.

ಹಂಗಾಮು ಮುಗಿದದ್ದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಹಿಂದಿನ ದಿನ ಆ ಸುದ್ದಿಯನ್ನು ಪತ್ರಿಕೆಗೆ ಬರೆದು ಕಳಿಸಿದವನೇ ನಾನು. ಕೊನೆಯ ಗಾಡಿಗೆ ಹಾರ ಹಾಕಿದ್ದು, ತೆಂಗಿನಕಾಯಿ ಒಡೆದದ್ದು, ಪೇಢೆ ಹಂಚಿದ್ದು, ಎಲ್ಲವೂ ಅದರಲ್ಲಿತ್ತು. ನಾಳೆಯಿಂದ ಭೋಂಗಾ ಕೂಗುವುದಿಲ್ಲ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಸುದ್ದಿಯಲ್ಲಿ ಇಲ್ಲದ್ದು ನನ್ನ ತಲೆಯಲ್ಲೂ ಇರಲಿಲ್ಲ.

ನಮ್ಮ ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

“ಕಾರ್ಖಾನಿ ಬಂದ್ ಆತಂತ ನೀನ ಬರದಿ, ನೀನ ಮಲಕೊಂಡಿ. ನಿನ್ನ ಪೇಪರ ನೀನರ ಓದ್ತಿಯೋ ಇಲ್ಲೋ ಬಾಳ್ಯಾ?”

ಸುದ್ದಿಮನೆಯವರು ಶಿಸ್ತಿನ ಜನ ಎಂಬ ನಂಬಿಕೆ ಊರಲ್ಲಿದೆ. ನಮಗಿರುವುದು ಶಿಸ್ತಲ್ಲ, ಗಡುವು. ಯಾರೂ ಕೇಳದಿದ್ದರೂ ಕೆಲಸಕ್ಕೆ ಕೂತರೆ ಅದು ಶಿಸ್ತು. ಕೇಳುವವನ ದನಿ ಏರಿದ ಮೇಲೆ ಕೂತರೆ ಅದು ಗಡುವು. ಚಿಕ್ಕೋಡಿಯ ವರದಿಗಾರನಾಗಿ ನಾನು ಹದಿನೈದು ವರ್ಷ ಸಂಜೆ ಆರಕ್ಕೆ ಸುದ್ದಿ ಕಳಿಸಿದ್ದೆ, ಒಮ್ಮೆಯೂ ಐದಕ್ಕೆ ಬರೆಯಲು ಕೂತಿರಲಿಲ್ಲ. ಇಂಥವನು ಒಳ್ಳೆಯ ಅಭ್ಯಾಸಗಳ ಪ್ರಚಾರಕನಾದದ್ದು ಹೆಂಡತಿಯ ದೆಸೆಯಿಂದ.

ಸುನಂದಾ ನಮ್ಮೂರ ಅಂಗನವಾಡಿಯಲ್ಲಿ ಹದಿನಾರು ವರ್ಷದಿಂದ ಕಾರ್ಯಕರ್ತೆಯಾಗಿದ್ದಳು. ಮೇಲ್ವಿಚಾರಕಿಯರ ಹುದ್ದೆಗೆ ಪರೀಕ್ಷೆ ನಡೆಯುತ್ತದೆಂದು ಹಿಂದಿನ ನವೆಂಬರಿನಲ್ಲಿ ತಿಳಿಯಿತು. ಪರೀಕ್ಷೆ ಜೂನ್‌ನಲ್ಲಿ. ಹಿಂದೊಮ್ಮೆ ಬರೆದಾಗ ಸ್ವಲ್ಪದರಲ್ಲಿ ಆಯ್ಕೆ ತಪ್ಪಿತ್ತು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ, ಮುಂದೆ ಅರ್ಜಿ ಹಾಕುವಂತೆಯೇ ಇಲ್ಲ. ಇಷ್ಟು ಹಟ ಯಾಕೆ ಎಂದು ನಾನು ವರದಿಗಾರನ ಚಾಳಿಯಲ್ಲಿ ಕೇಳಿದ್ದೆ.

“ಹದಿನಾರ ವರ್ಷ ಯಾರ್‍ಯಾರೋ ಬಂದ ನನ್ನ ರಿಜಿಸ್ಟರ ನೋಡಿ, ಕೆಂಪ ಪೆನ್ನಿಲೆ ಗೆರಿ ಹೊಡದ ಹೋಗ್ಯಾರ್‍ರಿ. ಒಮ್ಮೆರ ನಾನೂ ಹೋಗಿ ನೋಡ್ಬೇಕಲ್ಲ. ಕೆಂಪ ಪೆನ್ನ ಆಗಲೇ ತಂದ ಇಟ್ಟೀನಿ.”

ಈ ಉತ್ತರ ಕೇಳಿ ನನಗೇ ಹುರುಪೆದ್ದಿತು. ಪತ್ರಿಕೆಯ ಪುಟ ಕಟ್ಟುವ ಮೊದಲು ಹಾಳೆಯ ಮೇಲೆ ಗೀಟು ಹಾಕಿಕೊಳ್ಳುವಂತೆ ನಮ್ಮಿಬ್ಬರ ದಿನಕ್ಕೂ ಒಂದು ನಕ್ಷೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಭೋಂಗಾಕ್ಕೆ ಏಳುವುದು. ಅವಳು ಆರೂವರೆಯವರೆಗೆ ಓದುವುದು, ನಾನು ಕಾಲುವೆಯವರೆಗೆ ನಡೆದು ಬಂದು ದಿನಚರಿ ಬರೆಯುವುದು. ನಂಬಿದರೆ ನಂಬಿ, ಐದು ತಿಂಗಳು ಇದು ನಡೆಯಿತು. ನನ್ನ ಹೊಟ್ಟೆ ಇಳಿಯಿತು. ಸಂಜೆಯ ಸುದ್ದಿಯನ್ನು ಎರಡು ಸಲ ಮಧ್ಯಾಹ್ನವೇ ಕಳಿಸಿ, ಡೆಸ್ಕಿನವರಿಂದ ಆರೋಗ್ಯ ವಿಚಾರಿಸಿಕೊಂಡೆ. ಸಿಕ್ಕವರಿಗೆಲ್ಲ ಉಪದೇಶ ಕೊಡತೊಡಗಿದೆ. ರಾಯಬಾಗದ ಬಸ್ಸಿನಲ್ಲಿ ಪಕ್ಕ ಕೂತ ರೈತರೊಬ್ಬರಿಗೆ ಬೆಳಿಗ್ಗೆ ಬೇಗ ಏಳುವುದರ ಲಾಭಗಳನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಹೌದ್ರಿ, ನಾ ಮೂರಕ್ಕ ಏಳ್ತೀನ್ರಿ, ಕರೆಂಟ್ ಆಗ ಕೊಡ್ತಾರ” ಎಂದರು.

ಆಮೇಲೆ ಆ ಮಂಗಳವಾರ ಬಂತು.

ಸುನಂದಾಳೂ ಆ ದಿನ ಏಳೂವರೆಗೆ ಎದ್ದಿದ್ದಳು. ಓದು ಇಲ್ಲ, ಅಂಗನವಾಡಿಗೆ ಓಡಿದಳು. ಮರುದಿನವೂ ಹಾಗೇ. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು. ನಾನು ಕಟ್ಟಿದ ವ್ಯವಸ್ಥೆ ಬೇರೆಯವರ ಹಬೆಯ ಮೇಲೆ ನಿಂತಿತ್ತು ಎಂಬುದು ಆಗ ಹೊಳೆಯಿತು.

ಪರಿಹಾರಗಳನ್ನು ಹುಡುಕಿದೆ. ಮೊಬೈಲಿನ ಅಲಾರಂ ಇಟ್ಟೆ. ನಿದ್ದೆಯಲ್ಲೇ ಅದನ್ನು ಬಂದ್ ಮಾಡುವ ಹೊಸ ಅಭ್ಯಾಸ ಮೂರೇ ದಿನದಲ್ಲಿ ಕೂಡಿಬಂತು. ಅಭ್ಯಾಸ ಬೇಗ ಬೆಳೆಯುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಮೊದಲ ಬಸ್ಸಿನ ಸದ್ದಿಗೆ ಏಳೋಣವೆಂದರೆ, ಅದು ಬರುವ ಹೊತ್ತು ಚಾಲಕನಿಗೂ ಗೊತ್ತಿರುವುದಿಲ್ಲ. ಹಾಲು ಹಾಕುವವನನ್ನು ಬಾಗಿಲು ಬಡಿಯಲು ಹೇಳಿದೆ. ಅವನು ಬಡಿದ, ನೆರೆಮನೆಯವರು ಎದ್ದರು.

ಈ ಗಡಿಬಿಡಿಯಲ್ಲಿ ಹಳೆಯ ಕಾಲದವರ ನೆನಪಾಗುತ್ತಿತ್ತು. ಮದುವೆಯ ಮುಹೂರ್ತ ಹಿಡಿಯಲು ಅವರು ತಳಕ್ಕೆ ಸಣ್ಣ ತೂತಿರುವ ಬಟ್ಟಲೊಂದನ್ನು ನೀರಲ್ಲಿ ತೇಲಿಬಿಡುತ್ತಿದ್ದರು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಘಳಿಗೆ. ಹೊತ್ತನ್ನು ಅಳೆಯಲು ಆಕಾಶದ ಕಡೆಗೇ ನೋಡಬೇಕಿಲ್ಲ, ಪಾತ್ರೆಯೂ ಸಾಕು ಎಂಬುದು ಅವರ ತಿಳಿವಳಿಕೆ. ನಾನು ಇದನ್ನು ಕೇವಲ ಪಾಂಡಿತ್ಯವೆಂದು ತಿಳಿದಿದ್ದೆ. ಸುನಂದಾ ಆ ಬಟ್ಟಲಿನ ಹೆಸರೂ ಕೇಳದೆ ಅದೇ ದಾರಿ ಹಿಡಿದಳು.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳದ ಜೊತೆ ಮಾತೂ ಕೇಳಿಸಿತು. ಇಣುಕಿದೆ. ಅವಳು ಬಡಿಯುತ್ತ ತನಗೆ ತಾನೇ ಪಾಠ ಒಪ್ಪಿಸುತ್ತಿದ್ದಳು.

“ಏನಿದು?” ಎಂದೆ.

“ದಿನಾ ಇಪ್ಪತ್ತ ರೊಟ್ಟಿ ಬಡೀತೀನ್ರಿ. ಒಂದ ರೊಟ್ಟಿಗಿ ಒಂದ ಪ್ರಶ್ನಿ. ಭೋಂಗಾ ನಂಬಿದ್ರ ಮುಂದಿನ ದೀಪಾವಳಿ ಮಟಾ ಕಾಯಬೇಕು. ಹೊಟ್ಟಿಗೇನ ಸೀಸನ್ ಐತೇನ್ರಿ?”

ಇದರಲ್ಲಿ ಒಂದೇ ಕೊರತೆ. ಪ್ರಶ್ನೆಯನ್ನು ತಾನೇ ಕೇಳಿಕೊಂಡರೆ ಉತ್ತರ ಮೊದಲೇ ಬಾಯಿಗೆ ಬಂದು ನಿಲ್ಲುತ್ತದೆ. ಕೈಯೆಲ್ಲ ಹಿಟ್ಟು, ಪುಸ್ತಕ ಹಿಡಿಯುವಂತಿಲ್ಲ. ಕೇಳುವವರು ಬೇಕು. ನಾನು ಆ ಹೊತ್ತಿಗೆ ಎಚ್ಚರವಿರುತ್ತೇನೆಂಬ ಭರವಸೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಒಲೆಯ ಪಕ್ಕ ದಿನವೂ ಮಣೆ ಹಾಕಿಕೊಂಡು ಕೂರುವವಳು ಅಮ್ಮ. ಆದರೆ ಅಮ್ಮನ ತವರು ನಿಪ್ಪಾಣಿ. ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಮಾತು ಕನ್ನಡ, ಜಗಳ ಕನ್ನಡ, ಓದು ಮಾತ್ರ ಮರಾಠಿ. “ನಿಮ್ಮ ಅಕ್ಷರ ಎಲ್ಲಾ ಕೋಡಬಳಿ ಇದ್ದಂಗ ಅದಾವ. ತಿನ್ನಾಕ ಬರ್ತೈತಿ, ಓದಾಕ ಬರಂಗಿಲ್ಲ” ಎನ್ನುತ್ತಾಳೆ.

ಗಡಿಯ ಮೇಲಿನ ಮನೆಗಳಲ್ಲಿ ಇಂಥದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕನ್ನಡದ ಪ್ರಶ್ನೆಗಳನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟರಾಯಿತು ಎಂದು ಸುನಂದಾ ತೀರ್ಮಾನಿಸಿದಳು. ಬರೆಯುವ ಕೆಲಸ ನನ್ನದು. ಪ್ರತಿದಿನ ಇಪ್ಪತ್ತು ಪ್ರಶ್ನೆ, ದೊಡ್ಡ ಅಕ್ಷರ, ಸಂಜೆಯ ಒಳಗೆ, ಕೆಳಗೆ ಸಣ್ಣದಾಗಿ ಉತ್ತರ.

ಅಮ್ಮ ಕನ್ನಡಕ ಏರಿಸಿ, ಚೀಟಿಯನ್ನು ಕೈ ಚಾಚಿದಷ್ಟು ದೂರ ಹಿಡಿದು ಪ್ರಶ್ನೆ ಕೇಳತೊಡಗಿದಳು. ಇಷ್ಟು ಕಟ್ಟುನಿಟ್ಟಿನ ಪರೀಕ್ಷಕರನ್ನು ನಾನು ಕಂಡಿಲ್ಲ. ಉತ್ತರ ಬರುವವರೆಗೆ ಹಂಚಿನ ಮೇಲಿನ ರೊಟ್ಟಿ ಮಗುಚಲು ಬಿಡುತ್ತಿರಲಿಲ್ಲ. ಮೊದಲ ವಾರ ನಾವು ಪೌಷ್ಟಿಕಾಂಶದ ಕೊರತೆಗಳನ್ನೆಲ್ಲ ಕರಕಲು ರೊಟ್ಟಿಯ ಸಮೇತ ತಿಂದೆವು.

“ಕೂಸಿಗಿ ಎಷ್ಟ ತಿಂಗಳ ಬರೇ ಎದಿಹಾಲ ಕುಡಿಸಬೇಕು?”

“ಆರ ತಿಂಗಳ್ರಿ ಅತ್ತಿ.”

ಅಮ್ಮ ಚೀಟಿಯ ಕೆಳಗೆ ನೋಡಿದಳು. ಉತ್ತರ ಸರಿಯಿತ್ತು. ಒಪ್ಪಿಗೆಯಾಗಲಿಲ್ಲ.

“ಬರೇ ಹಾಲ ಆರ ತಿಂಗಳಾ? ನಾ ಬಾಳ್ಯಾಗ ಮೂರನೇ ತಿಂಗಳಕ್ಕ ಗಂಜಿ ಕುಡಿಸೇನಿ.”

“ಅದಕ್ಕ ಹಿಂಗ ಆಗ್ಯಾರ ನೋಡ್ರಿ ಇವರ” ಎಂದಳು ಸುನಂದಾ, ರೊಟ್ಟಿ ಮಗುಚುತ್ತ.

ಹತ್ತು ದಿನದಲ್ಲಿ ಮನೆಯ ನಡಿಗೆಯೇ ಬದಲಾಯಿತು. ರೊಟ್ಟಿ ತಪ್ಪುವ ದಿನವಿಲ್ಲ, ಆದ್ದರಿಂದ ಪ್ರಶ್ನೆ ತಪ್ಪುವ ದಿನವಿಲ್ಲ. ಹಬ್ಬದ ದಿನ ಹೋಳಿಗೆಗೂ ಅದೇ ದರ. ನನ್ನ ನಕ್ಷೆ ಇನ್ನೂ ಗೋಡೆಯ ಮೇಲಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಕಬ್ಬಿನ ಚಕ್ಕಡಿ ಹೊಡೆಯುವವರು ಮಧ್ಯಾಹ್ನ ಹೇರಿನ ಮೇಲೆ ಮಲಗಿಬಿಡುತ್ತಾರೆ, ಎತ್ತುಗಳು ತಾವಾಗಿ ಕಾರ್ಖಾನೆಯ ದಾರಿ ಹಿಡಿಯುತ್ತವೆ. ಅಭ್ಯಾಸವೆಂದರೆ ಬೆಳಗಿನ ಐದೂವರೆಯಲ್ಲ, ಆ ಎತ್ತು ಎಂದು ನನಗೆ ತಿಳಿಯಿತು. ದಿನವೂ ನಡೆಯುವ ದಾರಿಯಲ್ಲಿ ಇನ್ನೊಂದಿಷ್ಟು ಹೇರು ಹಾಕಿದರೂ ಅದು ನಡೆಯುತ್ತದೆ. ಹೊಸ ದಾರಿಗೆ ತಿರುಗಿಸಲು ಹೋದರೆ ಬಾರುಕೋಲು ಬೇಕಾಗುತ್ತದೆ.

ನಾನು ಒಮ್ಮೆ ತಪ್ಪಿದೆ. ಮೇ ಕೊನೆಯಲ್ಲಿ ಅಥಣಿ ಕಡೆ ಬಿರುಗಾಳಿಗೆ ದ್ರಾಕ್ಷಿ ಪಡಗಳ ಚಪ್ಪರ ಬಿದ್ದು, ಅಲ್ಲಿಯ ಅನಂತಪುರ ಹಳ್ಳಿಯವರೆಗೆ ಹೋಗಿ ಬಂದು, ಸುದ್ದಿ ಕಳಿಸಿ ಮನೆಗೆ ಬರುವಷ್ಟರಲ್ಲಿ ಪ್ರಶ್ನೆಗಳು ಮರೆತೇಹೋಗಿದ್ದವು. ಮರುದಿನ ಬೆಳಿಗ್ಗೆ ಅಮ್ಮ ಖಾಲಿ ಕೈಯಲ್ಲಿ ಮಣೆಯ ಮೇಲೆ ಕೂತಿದ್ದಳು. ಸುನಂದಾ ಹಳೆಯ ಚೀಟಿಗಳನ್ನೇ ತೆಗೆಸಿ ಕೇಳಿಸಿಕೊಂಡಳು. ನಾನು ತಾಟು ಹಿಡಿದು ಕೂತೆ. ತಾಟಿಗೆ ಪಲ್ಯ ಬಂತು, ಚಟ್ನಿ ಬಂತು, ಮೊಸರು ಬಂತು.

“ರೊಟ್ಟಿ?” ಎಂದೆ.

“ನಿಮ್ಮ ಕಾಪಿ ಬಂದಿಲ್ರಿ” ಎಂದಳು, ಸುದ್ದಿ ತಡವಾದಾಗ ಡೆಸ್ಕಿನವರು ಫೋನಿನಲ್ಲಿ ಹೇಳುವ ಧಾಟಿಯಲ್ಲೇ.

ಹದಿನೈದು ವರ್ಷದಲ್ಲಿ ಯಾವ ಸಂಪಾದಕರಿಂದಲೂ ಆಗದ್ದು ಅವತ್ತು ಆಯಿತು. ಅಂದಿನಿಂದ ಚಿಕ್ಕೋಡಿ ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ, ದಿನದ ಸುದ್ದಿಗೂ ಮುಂಚೆ, ಇಪ್ಪತ್ತು ಪ್ರಶ್ನೆ ಬರೆದು ಜೇಬಿಗಿಡತೊಡಗಿದೆ. ಪ್ರಶ್ನೆ ಮುಗಿದ ಮೇಲೆ ಕೈ ಬಿಸಿಯಾಗಿರುತ್ತಿತ್ತು, ಅದೇ ಬಿಸಿಯಲ್ಲಿ ಸುದ್ದಿಯೂ ಮುಗಿಯುತ್ತಿತ್ತು. ಐದಕ್ಕೇ ಕಳಿಸತೊಡಗಿದೆ.

ಜೂನ್‌ನಲ್ಲಿ ಒಂದು ಭಾನುವಾರ ಪರೀಕ್ಷೆ. ಚಿಕ್ಕೋಡಿಯದೇ ಒಂದು ಶಾಲೆ ಕೇಂದ್ರ. ಸುನಂದಾ ಒಳಗೆ ಹೋದಳು. ನಾನು ಹೊರಗೆ ಬೇವಿನ ಮರದ ಕೆಳಗೆ ವಡಾಪಾವ್ ತಿನ್ನುತ್ತ, ಹೆಂಡಂದಿರನ್ನು ಕರೆತಂದ ಇತರ ಗಂಡಂದಿರ ಜೊತೆ ನಿಂತೆ. ಎಲ್ಲರೂ ತಾವೇ ಪರೀಕ್ಷೆ ಬರೆಯುವವರಂತೆ ಬೆವೆತಿದ್ದರು. ಎರಡು ತಾಸಿನ ನಂತರ ಅವಳು ಬಂದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಒಳಗೆ ನಡೆದದ್ದನ್ನು ಬಸ್ಸಿನಲ್ಲಿ ಹೇಳಿದಳು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಲ್ಲ ಪ್ರಶ್ನೆಗಳೂ ಪರಿಚಯದವೇ. ಉತ್ತರ ಮಾತ್ರ ಒಂದೂ ಬರುತ್ತಿಲ್ಲ. ಪೆನ್ನು ಹಿಡಿದು ಕೂತರೆ ತಲೆ ಖಾಲಿ. ಹತ್ತು ನಿಮಿಷ ಹೋಯಿತು. ಕಡೆಯ ಅವಕಾಶ ಹೀಗೇ ಹೋಯಿತು ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಏನೂ ತೋಚದೆ ಪೆನ್ನು ಕೆಳಗಿಟ್ಟು, ಅಂಗೈಯಿಂದ ಬೆಂಚನ್ನು ಮೆಲ್ಲಗೆ ಬಡಿಯತೊಡಗಿದಳು. ಬಡಿಯುತ್ತ ಬಡಿಯುತ್ತ ಕೈ ಸುತ್ತು ತಿರುಗಿತು, ಮೊದಲ ಉತ್ತರ ನೆನಪಾಯಿತು. ಬರೆದಳು. ಮತ್ತೆ ಬಡಿದಳು. ಎರಡನೆಯದು ಬಂತು. ನಾಲ್ಕನೆಯದಕ್ಕೆ ಮೇಲ್ವಿಚಾರಣೆಗಿದ್ದ ಶಿಕ್ಷಕಿ ಬಾಯಾರು ಬಂದು ನಿಂತರು.

“ಏನ ಸಪ್ಪಳ್ರಿ ಅದು?”

“ರೊಟ್ಟಿ ಬಡ್ಯಾಕತ್ತೀನ್ರಿ ಬಾಯಾರ.”

ಅವರು ಬೆಂಚು ನೋಡಿದರು, ಬೆಂಚಿನ ಕೆಳಗೆ ನೋಡಿದರು, ಉತ್ತರಪತ್ರಿಕೆ ನೋಡಿದರು. ಆಮೇಲೆ ಸುನಂದಾಳ ಅಂಗೈ ನೋಡಿದರಂತೆ.

“ಸಾವಕಾಶ ಬಡೀರಿ. ಬಾಜೂದವರಿಗಿ ತ್ರಾಸ ಆಗಬಾರ್ದು.”

ಅಷ್ಟು ಹೇಳಿ ಮುಂದಿನ ಸಾಲಿಗೆ ಹೋದರು. ಸುನಂದಾ ತೊಡೆಯ ಮೇಲೆ ಬಡಿದು ಉಳಿದದ್ದು ಮುಗಿಸಿದಳು.

ಆಯ್ಕೆಪಟ್ಟಿ ಆಗಸ್ಟಿನಲ್ಲಿ ಬಂತು. ಕಚೇರಿಯ ಪರಿಚಯದವರು ಫೋನಿನಲ್ಲಿ ಅವಳ ಹೆಸರಿದೆ ಎಂದರು. ಒಬ್ಬರ ಮಾತಿನ ಮೇಲೆ ಸುದ್ದಿ ಮಾಡಬಾರದು ಎಂದು ನಾನು ಇನ್ನೊಬ್ಬರನ್ನು ಕೇಳಿದೆ, ಅವರು ಪಟ್ಟಿಯನ್ನು ಕಣ್ಣಾರೆ ನೋಡಿ ಹೇಳುವವರೆಗೆ ಕಾದೆ. ಖಚಿತವಾದ ಮೇಲೆ ಮನೆಗೆ ಓಡಿದೆ. ಅಂಗಳದಲ್ಲಿ ಅವಳ ಗೆಳತಿಯರು ಆಗಲೇ ಪೇಢೆ ತಿನ್ನುತ್ತಿದ್ದರು. ಅಮ್ಮ ಪ್ರತಿಯೊಬ್ಬರಿಗೂ, ತಾನು ಕೇಳಿದ ಪ್ರಶ್ನೆಗಳೇ ಪರೀಕ್ಷೆಗೆ ಬಂದಿದ್ದವೆಂದು ಹೇಳುತ್ತಿದ್ದಳು.

ಸುನಂದಾ ರಾಯಬಾಗ ತಾಲ್ಲೂಕಿಗೆ ಮೇಲ್ವಿಚಾರಕಿಯಾಗಿ ಹೋಗಿ ಈಗ ಮೂರು ತಿಂಗಳು. ಬೆಳಿಗ್ಗೆ ಏಳೂ ಕಾಲಿನ ಬಸ್ಸು ಹಿಡಿಯುತ್ತಾಳೆ. ರೊಟ್ಟಿ ನಾನು ಬಡಿಯುತ್ತೇನೆ. ನಿನ್ನೆ ಹನ್ನೆರಡು ಬಡಿದೆ. ಐದು ಉಬ್ಬಿದವು.