ನೀಲವ್ವ ಮತ್ತು ಹಳದಿ ಹಣ್ಣಿನ ಬೇಲಿ

ಯಾವ ಗಿಡ ಕಂಡರೂ ನೀಲವ್ವ ಮೊದಲು ನೋಡುತ್ತಿದ್ದುದು ಅದರ ಕಾಯಿ ಎಷ್ಟು ಎತ್ತರದಲ್ಲಿದೆ ಎಂದು. ಮೂರು ವರ್ಷದ ಮಗುವಿನ ಕೈಗೆ ಎಟುಕುವಂತಿದ್ದರೆ ಅವಳ ಹುಬ್ಬು ಗಂಟಿಕ್ಕುತ್ತಿತ್ತು.

ಯಾದಗಿರಿ ಕಡೆಯವಳು. ಗಂಡನೊಂದಿಗೆ ಕಟ್ಟಡ ಕೆಲಸಕ್ಕೆ ಬಂದು, ಕಾಡುಗೋಡಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ತೋಟ ನೋಡಿಕೊಳ್ಳುತ್ತಿದ್ದಳು. ಸಂಜೆಯಾದರೆ ಮಕ್ಕಳೆಲ್ಲ ಅವಳ ಬೆನ್ನಿಗೆ. "ಹಕ್ಕಿ ತಿನ್ನುತ್ತಲ್ಲ, ನಾವ್ಯಾಕೆ ತಿನ್ಬಾರ್ದು?" ಎಂದು ಯಾರೋ ಕೇಳಿದರೆ, "ಹಕ್ಕಿ ಹೊಟ್ಟಿ ಬ್ಯಾರೆ, ನಿನ್ನ ಹೊಟ್ಟಿ ಬ್ಯಾರೆ" ಎನ್ನುತ್ತಿದ್ದಳು.

ಒಂದು ಸಂಜೆ ನನ್ನ ಮಗಳು ಚಿನ್ಮಯಿ ಬೇಲಿಯ ಬಳಿ ನಿಂತಿದ್ದಳು. ಬಾಯಿ ತುಂಬ ಹಳದಿ ತಿರುಳು. ಅಂದಕ್ಕೆಂದು ನೀಲವ್ವ ಬರುವ ಮೊದಲೇ ನೆಟ್ಟಿದ್ದ ಆ ಬೇಲಿಯಲ್ಲಿ ಪುಟ್ಟ ಹಣ್ಣುಗಳು ಗೊಂಚಲುಗೊಂಚಲಾಗಿ ಜೋತಿದ್ದವು. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ.

"ಉಪ್ಪುನೀರು ಕುಡ್ಸಿ ಮೇಡಂ, ವಾಂತಿ ಆಗ್ಬಿಡ್ಲಿ" ಎಂದ ಸೆಕ್ಯುರಿಟಿಯವನು.

"ಬ್ಯಾಡ್ರಿ ಅಕ್ಕಾರ, ವಾಂತಿ ಮಾಡಸಬ್ಯಾಡ್ರಿ" ಎನ್ನುತ್ತ ನೀಲವ್ವ ಓಡಿಬಂದಳು. ಮಗುವಿನ ಬಾಯಿಂದ ತಿರುಳು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಎಲೆ, ಹಣ್ಣು ಎರಡೂ ಇದ್ದ ಕೊಂಬೆಯೊಂದನ್ನು ಮುರಿದು ನನ್ನ ಕೈಗಿಟ್ಟಳು. "ಇದನ್ನ ಡಾಕ್ಟರಿಗೆ ತೋರಸ್ರಿ. ಬರೇ ಹಳದಿ ಹಣ್ಣು ಅಂದ್ರ ಅವರಿಗೆ ಏನ್ ತಿಳೀಬೇಕು?"

ಆಸ್ಪತ್ರೆಗೂ ಜೊತೆಗೇ ಬಂದಳು. ಡಾಕ್ಟರ್ ಕೊಂಬೆ ನೋಡಿದ ಕೂಡಲೇ, "ತಂದಿದ್ದು ಒಳ್ಳೇದಾಯ್ತು. ಡುರಾಂಟ ಇದು, ಹಣ್ಣು ವಿಷ" ಎಂದರು. ಮಗಳು ಒಮ್ಮೆ ತಾನಾಗಿಯೇ ವಾಂತಿ ಮಾಡಿದಳು, ಹೊಟ್ಟೆ ಹಿಡಿದು ಅತ್ತಳು. ಎರಡು ಗಂಟೆಯ ನಂತರ ಬಿಸ್ಕೆಟ್ ಕೇಳಿದಳು. ಆಗಲೇ ನಾನು ಸರಿಯಾಗಿ ಉಸಿರಾಡಿದ್ದು. ನೀಲವ್ವ ಮಾತ್ರ ಸಿಟ್ಟಿನಲ್ಲಿದ್ದಳು. "ಹೆಸರಾಗ ದುರಂತ ಐತಲ್ರೀ. ಕೂಸುಗಳು ಆಡೋ ಜಾಗದಾಗ ಯಾರು ತಂದು ಹಚ್ಚಿದ್ರು?"

ಮರುದಿನ ಬೆಳಿಗ್ಗೆ ನೋಡಿದರೆ ಅರ್ಧ ಬೇಲಿ ನೆಲಕ್ಕುರುಳಿತ್ತು, ಉದುರಿದ ಹಣ್ಣೆಲ್ಲ ಚೀಲ ಸೇರಿತ್ತು. ಸೂಪರ್‌ವೈಸರ್ ಕೂಗಾಡಿದ: "ಯಾರನ್ನ ಕೇಳಿ ಕತ್ತರಿಸ್ದೆ? ಕೆಲ್ಸ ಬೇಕೋ ಬೇಡ್ವೋ?"

"ಕೆಲಸ ಬೇಕ್ರಿ ಸರ. ಬೇಲಿ ಬ್ಯಾಡ" ಎಂದು ಅವಳು ಕತ್ತರಿಯನ್ನು ಮತ್ತೆ ಕೊಂಬೆಗೆ ಹಾಕಿದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ನೋಡನೋಡುತ್ತಿದ್ದಂತೆ ಇನ್ನೂ ಏಳೆಂಟು ತಾಯಂದಿರು ಕೆಳಗಿಳಿದು ಬಂದರು. ಸೂಪರ್‌ವೈಸರ್ ಫೋನ್ ಕಿವಿಗಿಟ್ಟುಕೊಂಡು ಜಾರಿದ. ವಾರದೊಳಗೆ ಅಲ್ಲಿ ದಾಸವಾಳ ಬಂತು.

ಮುಂದೆ ಅವಳ ಗಂಡನಿಗೆ ಊರಿನ ಇನ್ನೊಂದು ತುದಿಯ ಪೀಣ್ಯದಲ್ಲಿ ಕೆಲಸ ಸಿಕ್ಕಿ ಲಗ್ಗೆರೆಗೆ ಮನೆ ಬದಲಿಸಿದರು. ಹೊರಟ ದಿನ ಲಗೇಜ್ ಆಟೋ ಗೇಟಿನಲ್ಲಿ ಕಾಯುತ್ತಿತ್ತು. ನೀಲವ್ವ ನನ್ನ ಕೈ ಹಿಡಿದು ತೋಟದೊಳಕ್ಕೆ ಎಳೆದಳು.

"ಇನ್ನ ನೀವ ನೋಡಬೇಕು. ಕೂಸುಗಳ ಕೈಗೆ ಎಟಕೋವು ಐದು ಗಿಡ ಅದಾವ. ಹೇಳ್ರಿ, ಇದ್ಯಾವುದು?"

"ಗಣಿಕೆ ಸೊಪ್ಪಿನ ಗಿಡ. ಹಣ್ಣು ತಿನ್ನಬಹುದು."

"ಹಸರಿದ್ದಾಗ?"

"ಆಗಲೂ ತಿನ್ನಬಹುದಲ್ವಾ?"

"ಹಸರಿದ್ದಾಗ ವಿಷರೀ. ಕರ್ರಗ ಹಣ್ಣಾದ್ರೂ ದೊಡ್ಡೋರು ನೋಡಿ ಕೊಟ್ರಷ್ಟ. ಮತ್ತೊಮ್ಮೆ ಹೇಳ್ರಿ."

ಗಂಡ ಆಟೋದಿಂದ ಎರಡು ಸಲ ಕರೆದ. ಅವಳು ತಿರುಗಲಿಲ್ಲ. ಐದೂ ಗಿಡಗಳನ್ನು ನಾನು ತಪ್ಪಿಲ್ಲದೆ ಹೇಳಿದ ಮೇಲೆಯೇ ಹೋಗಿ ಹತ್ತಿದಳು. ಮತ್ತೆ ಅವಳನ್ನು ನೋಡುವುದಾಗಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟಿನಲ್ಲಿ ನಿಂತು, ಮರೆತುಹೋದೀತೆಂದು, ಆ ಐದು ಹೆಸರುಗಳನ್ನೇ ಹೇಳಿಕೊಳ್ಳುತ್ತಿದ್ದೆ.