ಮಾತುಮಾತಿಗೂ ಸಾಯ್ಲಿ

ನಮ್ಮ ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗಿಂತ ಜೋರಾಗಿ ಕಿರುಚುವವಳು ನಾನು. ಹಾಗಾಗಿ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿಗೆ ಮ್ಯಾನೇಜರು ನನ್ನನ್ನೇ ಆರಿಸಿದರು. "ನಿಮಗೆ ಜನರ ಜೊತೆ ಮಾತಾಡಿ ಅಭ್ಯಾಸ ಇದೆಯಲ್ಲ" ಎಂದರು. ಲೈನ್ ಸೂಪರ್‌ವೈಸರ್ ಆಗಿ ಇಷ್ಟು ವರ್ಷ ನಾನು ಆಡಿದ್ದು ಮಾತಲ್ಲ, ಬೈಗುಳ. ಆದರೆ ಎರಡು ದಿನ ಟಾರ್ಗೆಟ್ ಇಲ್ಲ, ಕೂತಲ್ಲಿಗೇ ಟೀ, ಬೋಂಡಾ ಬರುತ್ತದೆ ಎಂದ ಮೇಲೆ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ.

ತರಬೇತಿ ಕೊಳ್ಳೇಗಾಲದಲ್ಲೇ ಇತ್ತು. ಕಲಿಸಲು ಬೆಂಗಳೂರಿಂದ ಬಂದಿದ್ದ ಮೇಡಂ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಮಷೀನುಗಳ ಸದ್ದಿನಲ್ಲಿ ಅರ್ಧ ಕಿವುಡಾದ ನಾನು ಮುಂದಿನ ಸಾಲಿಗೆ ಹೋಗಿ ಕೂರಬೇಕಾಯಿತು. ಕೈಗೆ ಸೂಜಿ ಹೊಕ್ಕರೆ ಬ್ಯಾಂಡೇಜ್ ಸುತ್ತಿ ಆಸ್ಪತ್ರೆಗೆ ಕಳಿಸುವುದಿಲ್ಲವೇ, ಮನಸ್ಸಿಗೆ ಪೆಟ್ಟಾದರೂ ಅಷ್ಟೇ; ನೀವು ಡಾಕ್ಟರ್ ಆಗಬೇಕಿಲ್ಲ, ಡಾಕ್ಟರ ಹತ್ತಿರ ತಲುಪಿಸಿದರೆ ಸಾಕು ಎಂದರು. ಬೈಯಬಾರದು, ಬುದ್ಧಿ ಹೇಳಬಾರದು, ಸುಮ್ಮನೆ ಕೇಳಿಸಿಕೊಳ್ಳಬೇಕು ಎಂದರು. ಅಲ್ಲಿಗೆ ನನ್ನ ಬಂಡವಾಳವೆಲ್ಲ ಮುಗಿಯಿತು. ಕೊನೆಗೆ ಒಂದು ಮಾತನ್ನು ಎರಡೆರಡು ಸಲ ಹೇಳಿದರು. ಯಾರಾದರೂ ಸಾವಿನ ಮಾತೆತ್ತಿದರೆ ಹೆದರಬೇಡಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ?" ಕೇಳಿದ್ದರಿಂದಲೇ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದವರನ್ನು ಮಾತ್ರ ಒಂಟಿಯಾಗಿ ಬಿಡಬೇಡಿ.

ಪಾಪ, ಅವರಿಗೆ ನಮ್ಮ ಕಡೆಯ ಮಾತು ಗೊತ್ತಿರಲಿಲ್ಲ. ಯಳಂದೂರಿನಿಂದ ಹನೂರಿನವರೆಗೆ ಯಾರನ್ನಾದರೂ ಸಾಯಿಸದೆ ನಾವು ಒಂದು ವಾಕ್ಯ ಮುಗಿಸುವವರಲ್ಲ. ದಾರ ಕಿತ್ತುಹೋದರೆ "ಸಾಯ್ಲಿ". ಬಸ್ ತಪ್ಪಿದರೆ "ಓಗ್ಲಿ, ಸಾಯ್ಲಿ ಬುಡು". ಗಂಡ ಫೋನ್ ಎತ್ತದಿದ್ದರೆ "ಎಲ್ ಸತ್ತವ್ನೋ". ನಗು ಬಂದರೂ "ನಕ್ಕೂ ನಕ್ಕೂ ಸತ್ತೋದೆ ಕಣಕ್ಕಾ".

ಸೋಮವಾರ ಕುತ್ತಿಗೆಗೆ ಹಸಿರು ಬ್ಯಾಡ್ಜ್ ನೇತುಹಾಕಿಕೊಂಡು ಲೈನಿಗೆ ಇಳಿದೆ. ಸಾವಿನ ಮಾತೆತ್ತಿದವರ ಹೆಸರು ಬರೆದುಕೊಳ್ಳುತ್ತಾ ಹೋದೆ. ಹತ್ತೂವರೆ ಟೀ ಹೊತ್ತಿಗೆ ಅರ್ಧ ಲೈನು ನನ್ನ ಪುಸ್ತಕದಲ್ಲಿತ್ತು. ಹೇಳಿಕೊಟ್ಟ ಹಾಗೇ ಕಾಲರ್ ಹೊಲಿಯುವವಳೊಬ್ಬಳ ಪಕ್ಕ ಕೂತು, ಸ್ವರ ತಗ್ಗಿಸಿ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ಕೇಳಿದೆ. ಅವಳು ಮಷೀನು ನಿಲ್ಲಿಸಿ ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿದಳು: "ಅಯ್, ನಾನ್ಯಾಕವ್ವ ಸಾಯ್ಲಿ? ನಮ್ಮತ್ತೆ ಇನ್ನೂ ಗುಂಡ್ಕಲ್ಲಂಗವ್ಳೆ!"

ಆಮೇಲೆ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. ಊಟದ ಸಾಲಿನಲ್ಲಿ ನಿಂತರೆ, "ಅಕ್ಕಾ, ನನ್ನೂ ಒಸಿ ಕೇಳಕ್ಕಾ" ಎಂದು ಹಿಂದಿನಿಂದ ಕಿಸಿಕಿಸಿ. ವಾರ ಮುಗಿಯುವ ಮೊದಲೇ ಬ್ಯಾಡ್ಜ್ ಬಿಚ್ಚಿ ಟಿಫನ್ ಬ್ಯಾಗಿಗೆ ತುರುಕಿದೆ.

ಈ ಸಾಯಿಸುವ ವಿದ್ಯೆಯಲ್ಲಿ ನಮ್ಮ ಮೆಕ್ಯಾನಿಕ್ ಅಣ್ಣನನ್ನು ಮೀರಿಸುವವರಿರಲಿಲ್ಲ. ಹನೂರು ಕಡೆಯವನು, ಐವತ್ತು ದಾಟಿದವನು. ಮಷೀನು ಬಿಚ್ಚುವ ಮೊದಲು ಅದಕ್ಕೊಂದು ಸಾವು, ಅದನ್ನು ಕೆಡಿಸಿದವಳಿಗೊಂದು, ಅದನ್ನು ಕೊಂಡ ಮ್ಯಾನೇಜರಿಗೊಂದು. ಅವನ ಬಾಯಿಗೆ ಹೆದರಿಯೇ ಮಷೀನುಗಳು ಓಡುತ್ತವೆ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಅಂಥವನು ಮರುವಾರ ಬದಲಾದ. ಓವರ್‌ಲಾಕ್ ಮಷೀನಿನ ಸೂಜಿ ಒಂದೇ ಬೆಳಿಗ್ಗೆ ಮೂರು ಸಲ ಮುರಿಯಿತು. ಮೂರು ಸಲವೂ ಬಂದು ತಗ್ಗಿದ ತಲೆಯಲ್ಲೇ ಹಾಕಿಕೊಟ್ಟು, "ಪರವಾಗಿಲ್ಲ" ಎಂದ. ಹೆಂಗಸರಿಗೆ ಖುಷಿಯೋ ಖುಷಿ. "ಮಾದಪ್ಪನ್ ಬೆಟ್ಟುಕ್ ಅರಕೆ ಒತ್ತವ್ನೆ ಕಣಕ್ಕಾ, ಅದ್ಕೆಯಾ ಬಾಯ್ ಕಟ್ಟವ್ನೆ" ಎಂದರು. ನನಗೂ ಹಾಗೇ ಅನ್ನಿಸಿತು. ಗುರುವಾರ ಅವನು, ಯಾರಿಗೂ ಮುಟ್ಟಲು ಬಿಡದಿದ್ದ ತನ್ನ ಸಣ್ಣ ಸ್ಕ್ರೂಡ್ರೈವರನ್ನು ತಂದು ನನ್ನ ಕೈಗಿಟ್ಟು, "ನೀನೇ ಇಟ್ಕಳವ್ವ" ಎಂದ. ಎಷ್ಟೋ ದಿನದಿಂದ ಅದರ ಮೇಲೆ ನನಗೆ ಕಣ್ಣಿತ್ತು. ಹಲ್ಲು ಕಿಸಿದು ಇಸಿದುಕೊಂಡೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ, ತುತ್ತು ಬಾಯಲ್ಲಿರುವಾಗಲೇ, ತರಬೇತಿಯ ಮಾತೊಂದು ನೆನಪಾಯಿತು. ಪ್ರೀತಿಯ ವಸ್ತುಗಳನ್ನು ಯಾರಾದರೂ ಇದ್ದಕ್ಕಿದ್ದಂತೆ ಕೊಟ್ಟುಬಿಡುತ್ತಿದ್ದರೆ, ಇದ್ದಕ್ಕಿದ್ದಂತೆ ಶಾಂತವಾದರೆ, ಸುಮ್ಮನಿರಬೇಡಿ ಎಂದಿದ್ದರು. ಊಟ ಬಿಟ್ಟು ಎದ್ದೆ.

ಅವನು ರಿಪೇರಿ ರೂಮಿನಲ್ಲಿ ಒಬ್ಬನೇ ಇದ್ದ. ಬಾಗಿಲ ತನಕ ಹೋದವಳು ಹಿಂದಿರುಗಿದೆ. ಇವನೂ ನಕ್ಕುಬಿಟ್ಟರೆ? ಇನ್ನೊಂದು ವಾರ ಊಟದ ಸಾಲಿನಲ್ಲಿ ನನ್ನದೇ ಕಥೆ. ಮತ್ತೆ ಹೋದೆ, ಸ್ಟೋರಿಗೆ ಬಂದವಳಂತೆ ನಟಿಸಿ ಮತ್ತೆ ಹಿಂದಿರುಗಿದೆ. ಮೂರನೆಯ ಸಲ ನನಗೇ ನನ್ನ ಮೇಲೆ ಸಿಟ್ಟು ಬಂದು ಒಳಗೆ ನುಗ್ಗಿದೆ. ಸ್ಕ್ರೂಡ್ರೈವರನ್ನು ಅವನ ಮುಂದಿಟ್ಟೆ. ಮೇಡಂ ಕಲಿಸಿದ ವಾಕ್ಯ ಬಾಯಿಗೆ ಬರಲೇ ಇಲ್ಲ.

"ಅಣ್ಣಾ, ಈ ವಾರ್ವೆಲ್ಲ ನೀನ್ ಒಂದ್ಸಲನೂ ಸಾಯ್ಲಿ ಅನ್ನಿಲ್ಲ. ಯಾಕೆ?"

ದಾರದ ಡಬ್ಬದ ಮೇಲೆ ಕುಸಿದು ಕೂತ. "ದಿಟವಾಗ್ಲೂ ಸಾಯಾದು ಅಂತ ಆದ್ಮೇಲೆ, ಬಾಯ್ನಲ್ ಯಾಕವ್ವ ಅನ್ನಾದು?"

"ಯಾವಾಗ ಅಂತಿದ್ದೀಯಣ್ಣ?"

"ಇವತ್ತು ಮನ್ಗ್ ಓದ್ಮೇಲೆ."

ಕಾರಣವನ್ನೂ ಹೇಳಿದ. ಅದು ಅವನದು, ಇಲ್ಲಿ ಬರೆಯುವುದಿಲ್ಲ. ನಾನು ತರಬೇತಿಯ ನಿಯಮಗಳನ್ನೆಲ್ಲ ಒಂದೊಂದಾಗಿ ಮುರಿದೆ. ಮೊದಲು ಬೈದೆ, ಆಮೇಲೆ ಅತ್ತೆ, ಸಾಲದೆಂದು ನನ್ನ ಮೂಗನ್ನು ಅವನ ಟವೆಲಿನಲ್ಲೇ ಒರೆಸಿಕೊಂಡೆ. ಒಂದನ್ನು ಮಾತ್ರ ಪಾಲಿಸಿದೆ: ಅವನೊಬ್ಬನನ್ನೇ ಬಿಡಲಿಲ್ಲ. ಅಲ್ಲಿಂದಲೇ ಅವನ ತಮ್ಮನಿಗೆ ಫೋನ್ ಮಾಡಿ, ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮ್ಯಾನೇಜರು ಫೋನಿನಲ್ಲಿ ಲೈನು ನಿಂತಿದೆ ಎಂದರು. ಸಾಯ್ಲಿ ಬುಡಿ ಸಾ ಎಂದು ಕಟ್ ಮಾಡಿದೆ. ಡಾಕ್ಟರು ಅವನನ್ನು ದಾಖಲು ಮಾಡಿಕೊಂಡು, ತಮ್ಮ ಬಂದು ಪಕ್ಕದಲ್ಲಿ ಕೂತ ಮೇಲೆಯೇ ನಾನು ಮನೆಗೆ ಹೋಗಲು ಯಳಂದೂರು ಬಸ್ ಹತ್ತಿದ್ದು.

ಎರಡು ತಿಂಗಳಿಗೆ ಅವನು ಕೆಲಸಕ್ಕೆ ಮರಳಿದ. ಮಾತ್ರೆ ನುಂಗುತ್ತಾನೆ, ತಿಂಗಳಿಗೊಮ್ಮೆ ಡಾಕ್ಟರನ್ನು ನೋಡಿ ಬರುತ್ತಾನೆ. ಆ ದಿನದ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮೊನ್ನೆ ನನ್ನ ಲೈನಿನ ಮಷೀನೊಂದನ್ನು ಬಿಚ್ಚಿಕೊಂಡು ಕೂತಿದ್ದವನು ತಲೆ ಎತ್ತದೆಯೇ ಹೇಳಿದ:

"ಅವತ್ತು ನೀನು ಬಾಗ್ಲುಗಂಟ ಬಂದು ಎಲ್ಡ್ ಸತಿ ವಾಪಸ್ ಓದ್ಯಲ್ಲ, ನೋಡ್ತಿದ್ದೆ ಕಣವ್ವ. ಇನ್ನೊಂದ್ ಸತಿ ಬತ್ತಳಾ ಅಂತ ಕಾಯ್ತಾ ಇದ್ದೆ."