ಅತ್ತೆ ಒರೆಸಿದ ಅಮೆರಿಕದ ಗಡಿಯಾರ

ಕೊಬ್ಬರಿ ಎಣ್ಣೆ ಈ ಬೆಳಿಗ್ಗೆಯೂ ಗಟ್ಟಿಯಾಗಿತ್ತು. ಬಾಟಲಿಯನ್ನು ರೇಡಿಯೇಟರ್ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಅತ್ತೆಯ ಜಡೆಯ ವಾಸನೆ. ನಿಮಗೂ ಹೀಗಾಗುತ್ತದೋ ಏನೋ, ನನಗಂತೂ ಆ ವಾಸನೆಯ ಹಿಂದೆಯೇ ಒಂದು ಗಡಿಯಾರ ನೆನಪಾಗುತ್ತದೆ.

ನಾವು ಸ್ವೀಡನ್ನಿನ ಮೋಲ್ನ್‌ಡಾಲ್‌ಗೆ ಬಂದ ಹೊಸತು. ನಮ್ಮವರಿಗೆ ಔಷಧ ಸಂಶೋಧನೆಯ ಕೆಲಸ. ಹುಚ್ಚು ಮಾತ್ರ ಹಳೆಯ ಅಮೆರಿಕನ್ ಗಡಿಯಾರಗಳದ್ದು. ಅಮೆರಿಕಕ್ಕೆ ಹೋಗಿ ವಾಪಸಾದ ಸ್ವೀಡನ್ನಿನವರು ತಂದವು ಇಲ್ಲಿ ಅಲ್ಲಲ್ಲಿ ಸಿಗುತ್ತವೆ. ಬೆಲೆ ಹೇಳುವಾಗ ನಮ್ಮವರು ಅದು ಓಡುತ್ತದೆಯೇ ಎಂದು ಮೊದಲು ನೋಡುವುದಿಲ್ಲ. ಮುಖಕ್ಕೆ ಹೊಸ ಬಣ್ಣ ಬಳಿದಿದ್ದಾರೆಯೇ, ಗಾಜು ಮೂಲದ್ದೇ, ತಯಾರಕರು ಒಳಗೆ ಅಂಟಿಸಿದ ಕಾಗದ ಉಳಿದಿದೆಯೇ ಎಂದು ಟಾರ್ಚ್ ಹಿಡಿದು ಹುಡುಕುತ್ತಾರೆ. ಹೆಣ್ಣು ನೋಡಲು ಬಂದಾಗ ನನ್ನನ್ನು ಇದರ ಅರ್ಧದಷ್ಟೂ ಗಮನವಿಟ್ಟು ನೋಡಿರಲಿಲ್ಲ.

ಪಕ್ಕದ ಮನೆಯ ಗುನ್‌ವೋರ್ ಅಜ್ಜಿ ತಮ್ಮ ತಾತ ತಂದಿದ್ದ ಗಡಿಯಾರವನ್ನು ಬೆಲೆ ನೋಡಲೆಂದು ನಮ್ಮಲ್ಲಿ ಬಿಟ್ಟಿದ್ದರು. ಮೈಸೂರಿನಿಂದ ಬಂದಿದ್ದ ಅತ್ತೆಗೆ ಅವರು ದಿನವೂ ಕಾಫಿಗೆ ಜೊತೆ. ಒಬ್ಬರದು ಕನ್ನಡ, ಒಬ್ಬರದು ಸ್ವೀಡಿಷ್; ಆದರೂ ಹರಟೆಗೆ ಕೊನೆಯಿಲ್ಲ. ಏನು ಮಾತಾಡ್ತೀರಿ ಎಂದರೆ, "ಸೊಸೇರ ವಿಷಯ ಕಣೆ, ಇನ್ನೇನು" ಎನ್ನುತ್ತಿದ್ದರು ಅತ್ತೆ.

ಆಯುಧಪೂಜೆಯ ದಿನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಅತ್ತೆ ಮಿಕ್ಸಿ, ಸೈಕಲ್ಲು, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮವಿಟ್ಟರು. ಗೆಳತಿಯ ಗಡಿಯಾರಕ್ಕೆ ವಿಶೇಷ ಉಪಚಾರ: ಮರಕ್ಕೆ ಕೊಬ್ಬರಿ ಎಣ್ಣೆ, ಮೇಲೊಂದು ಸೇವಂತಿಗೆ. ಒಳಗಿನ ಕಂದುಗಟ್ಟಿದ ಕಾಗದವನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದುಬಿಟ್ಟಿದ್ದರು.

"ಅಮ್ಮಾ, ಆ ಲೇಬಲ್ ಇದ್ರೇನೇ ಅದಕ್ಕೆ ವ್ಯಾಲ್ಯೂ," ಎಂದರು ನಮ್ಮವರು.

"ಕೊಳೆ ಅಂದ್ಕೊಂಡೆ ಕಣೋ. ಇನ್ನು ಯಾವ ಮುಖ ಇಟ್ಕೊಂಡು ಆಯಮ್ಮನ ಮುಂದೆ ಕೂರ್ಲಿ?"

ಕೂರಲಿಲ್ಲ. ಗುನ್‌ವೋರ್ ಪರವಾಗಿಲ್ಲ ಎಂದದ್ದನ್ನು ಅತ್ತೆ ನಂಬಲಿಲ್ಲ. ಬಾಯಿಮಾತಿನ ಮರ್ಯಾದೆ ಎಂದುಕೊಂಡರು. ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಕೂಟಕ್ಕೆ, ಅವರಿಂದ ಕರೆ ಬಂದಾಗ "ಮೈ ಸರಿಯಿಲ್ಲ ಅಂದ್ಬಿಡು" ಎಂದರು. ನಾನು ಹಾಗೆಯೇ ಹೇಳಿದೆ. ನಮ್ಮ ಕಡೆ ಮೈ ಸರಿಯಿಲ್ಲ ಎಂದರೆ ಸಂಜೆಯೊಳಗೆ ಯಾರಾದರೂ ಹಣ್ಣು ಹಿಡಿದು ಬಂದೇ ಬರುತ್ತಾರೆ. ಇಲ್ಲಿ ಕಾಯಿಲೆಯವರಿಗೆ ತೊಂದರೆ ಕೊಡಬಾರದೆಂದು ದೂರ ಉಳಿಯುತ್ತಾರೆ. ಇದು ನನಗೂ ಆಗ ಗೊತ್ತಿರಲಿಲ್ಲ. ಅತ್ತೆ ಸಂಜೆಯಾದರೆ ಒಳ್ಳೆಯ ಸೀರೆಯುಟ್ಟು, ಎರಡು ಲೋಟ ಕಾಫಿಗಾಗುವಷ್ಟು ಹಾಲು ಕಾಯಿಸಿಟ್ಟು, ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಹಾಗೆಯೇ ಮೈಸೂರಿಗೆ ಹೊರಟುಹೋದರು. ಮತ್ತೆ ಬರಲಿಲ್ಲ.

ಹೋದ ತಿಂಗಳು ಅತ್ತೆ ತೀರಿಕೊಂಡರು. ಇವತ್ತು ಮಧ್ಯಾಹ್ನ ಆ ಸುದ್ದಿ ಹೇಳಲು ಗುನ್‌ವೋರ್ ಮನೆಗೆ ಹೋದೆ. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು: "ಆಗಲೇ ಶುರುವಾಗಿದ್ದ ಆ ಕಾಯಿಲೆಯೇ?"

ಈ ಸಲ ನಿಜ ಹೇಳಿದೆ. ಆಗ ಕಾಯಿಲೆ ಇರಲಿಲ್ಲ, ನಾಚಿಕೆ, ಅಷ್ಟೇ.

"ಹಾಗಾದರೆ ನಾನು ಬರಬಹುದಿತ್ತು," ಎಂದರು.

ಅತ್ತೆ ಕಾಯುತ್ತಿದ್ದರು ಎಂದು ಹೇಳಲು ಮಾತ್ರ ನನ್ನಿಂದ ಆಗಲಿಲ್ಲ.